ತಿಳಿ ಎಣ್ಣೆ

ನೊರೆ ಒಡೆಯಲಿಲ್ಲ. ಅಡಿಗೆ ಕೆಲಸದ ಮರೆವ್ವ ಕರಜಿಕಾಯಿಗಳನ್ನು ಒಂದೊಂದಾಗಿ ಕಡಾಯಿಯೊಳಗೆ ಬಿಟ್ಟಳು. ಅವು ತಳ ಮುಟ್ಟಿ, ಮೇಲೆ ಬಂದು, ಮಗ್ಗುಲು ಹೊರಳಿ ಕೆಂಪಾದವು. ಝಾರಿಯಿಂದ ಎತ್ತಿ ಬಸಿಯುವ ಬುಟ್ಟಿಗೆ ಹಾಕಿದ ಮೇಲೂ ಕಡಾಯಿಯ ಅಂಚಿನುದ್ದಕ್ಕೆ ಸಣ್ಣ ಗುಳ್ಳೆಗಳ ಹಳದಿ ಸಾಲೊಂದು ಹಾಗೇ ನಿಂತಿತ್ತು. ಹೊಸ ಎಣ್ಣೆಯಾದರೆ ಹಿಟ್ಟಿನ ನೀರು ಹಾರಿದ ಕೂಡಲೇ ನೊರೆ ತಾನಾಗಿ ಇಳಿಯುತ್ತದೆ. ಇದು ಇಳಿಯಲೊಲ್ಲದು. ಅನ್ನಪೂರ್ಣಾ ಅಡಿಗೆಮನೆಯ ಬಾಗಿಲಲ್ಲಿ ಸೀರೆಯ ನಿರಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು. ನೊರೆಯ ಕೆಳಗೆ ಎಣ್ಣೆ ಎಷ್ಟು ತಿಳಿಯಾಗಿತ್ತೆಂದರೆ ಕಡಾಯಿಯ ತಳದ ಗೀರುಗಳೆಲ್ಲ ಕಾಣುತ್ತಿದ್ದವು.

"ಯಾವ ಎಣ್ಣಿ ಮರೆವ್ವಾ ಇದು?"

"ನಿನ್ನಿ ಅಂಗಡಿಯಿಂದ ಬಂದದ್ದರಿ ಅಕ್ಕಾರ. ಅಣ್ಣಾರು ಪುಡಿ ಹಾಕಿ ಸೋಸಿ ಇಟ್ಟಿದ್ರು. ನೋಡ್ರೆಲಾ, ಬಂಗಾರ ಆಗೇತಿ."

ಕೇಳುವ ಮೊದಲೇ ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಕೇಳಿದೆ ಎಂದುಕೊಂಡಳು. ಬೇರೆ ಯಾರಾದರೂ ಹೇಳಲಿ, ಹೊಸ ಡಬ್ಬಿ ಒಡೆದೆವು ಎಂದು ಮರೆವ್ವ ಒಂದು ಸುಳ್ಳನ್ನಾದರೂ ಹೇಳಲಿ, ತಾನು ಅದನ್ನು ನಂಬಿ ನಿರಿಗೆ ಸಿಕ್ಕಿಸಿಕೊಂಡು ಹೊರಟುಬಿಡಬಹುದು ಎಂಬ ಆಸೆಯೇ? ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರಿಗೆ ಇವರ ಮಿರ್ಚಿಭಜಿಯ ಅಂಗಡಿ. ಮಾವ ಹಾಕಿದ್ದು. ಅವನು ತೀರಿಕೊಂಡ ಮೇಲೆ ಅತ್ತೆ ಸಿದ್ದಲಿಂಗವ್ವ ನಡೆಸಿದ್ದು, ಈಗ ಗಂಡ ಶ್ರೀಶೈಲನ ಕೈಯಲ್ಲಿರುವುದು. ಅಂಗಡಿಯಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆ ಮನೆಗೆ ಬರುತ್ತದೆ, ಹಿತ್ತಲಲ್ಲಿ ಬೂದುಬಣ್ಣದ ಪುಡಿಯೊಡನೆ ಕಾಯುತ್ತದೆ, ದಪ್ಪ ಅರಿವೆಯಲ್ಲಿ ಇಳಿದು ತಿಳಿಯಾಗಿ ಮತ್ತೆ ಅಂಗಡಿಗೆ ಹೋಗುತ್ತದೆ. ಆ ಪುಡಿ ಅನ್ನಪೂರ್ಣಾಳದು.

ಇವತ್ತು ಅದೇ ಎಣ್ಣೆಯಲ್ಲಿ ಕರಿಯುತ್ತಿರುವುದು ಶೀತಲಳ ಕುಬಸಕ್ಕೆ, ಸೀಮಂತದ ಬುಟ್ಟಿಗೆ. ಶೀತಲ ಅವಳ ಬೆನ್ನಿಗೆ ಬಿದ್ದ ತಂಗಿ, ಮುನವಳ್ಳಿಗೆ ಕೊಟ್ಟದ್ದು. ಮೊದಲಿನ ಬಸಿರು ನಿಲ್ಲಲಿಲ್ಲ, ಈಗ ಮತ್ತೆ ದಿನ ತುಂಬಿಕೊಳ್ಳುತ್ತಿವೆ. ತವರಿನಲ್ಲಿ ತಾಯಿ ಇಲ್ಲ. ತಾಯಿಯ ಜಾಗದಲ್ಲಿ ನಾನು ನಿಲ್ಲುತ್ತೇನೆ, ಹಸಿರು ಸೀರೆ, ಬಳೆ, ತಿಂಡಿ ಎಲ್ಲ ನಮ್ಮ ಮನೆಯಿಂದ ಹೋಗಲಿ ಎಂದವಳು ಸಿದ್ದಲಿಂಗವ್ವ. ಕೇಳದೇ ಹೇಳಿದ ಮಾತು. ಆ ಮಾತು ಕೇಳಿದ ದಿನ ಅನ್ನಪೂರ್ಣಾ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಿದ್ದಳು.

ಸಿದ್ದಲಿಂಗವ್ವ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿಯಿಟ್ಟುಕೊಂಡು ಬಂದಳು. ಬುಟ್ಟಿಯೊಳಗಿನ ಕರಜಿಕಾಯಿಯೊಂದನ್ನು ಬೆಳಕಿಗೆ ಹಿಡಿದು, ಎಲ್ಲಾದರೂ ಬಿರಿದಿದೆಯೋ ಎಂದು ನೋಡಿದಳು. "ಹೋಳಿಗಿ ಬ್ಯಾರೆ ಕಟ್ಟೇನಿ. ಕರಜಿಕಾಯಿ, ಚಕ್ಕಲಿ, ಕೋಡಬಳಿ ಈ ಬುಟ್ಟಿಗೆ. ಹೆತ್ತಾಕಿ ಇದ್ದಿದ್ರ ಏನ್ ಕಳಸ್ತಿದ್ಲೋ ಅದಕ್ಕಿಂತ ಒಂದ್ ಹಿಡಿ ಹೆಚ್ಚ ಇರ್ಬೇಕ. ಹೌದಲ್ಲ?"

"ಅತ್ತಿ..."

"ಏನವಾ?"

"ಏನಿಲ್ರಿ. ಚಕ್ಕಲಿ ಡಬ್ಬಿ ಮುಚ್ಚಳ ಸರಿ ಕುಂಡ್ರವಲ್ದು."

ಮುಚ್ಚಳ ಸರಿಯಾಗಿಯೇ ಇತ್ತು. ಸಿದ್ದಲಿಂಗವ್ವ ಅದನ್ನು ಅಂಗೈಯಿಂದ ಒತ್ತಿ ಕೂಡಿಸಿ, "ಕೆಮಿಸ್ಟ್ರಿ ಕಲಿಸಾಕಿಗೆ ಮುಚ್ಚಳ ಹಾಕಾಕ ಬರವಲ್ದು ನೋಡ ಮರೆವ್ವಾ," ಎಂದು ನಕ್ಕಳು. ಆ ನಗೆಯಲ್ಲಿ ಮುಳ್ಳಿರಲಿಲ್ಲ. ಮೊದಲು ಮುಳ್ಳಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಅವಳು ಅಂಗಡಿಯ ಕೆಲಸಕ್ಕೆ ಕೈ ಹಚ್ಚದೆ ಕಾಲೇಜಿಗೆ ಹೊರಟಾಗಲೆಲ್ಲ, "ಅಷ್ಟ ಓದಿ ಏನ್ ಬಂತವಾ, ಖಾಯಂ ನೌಕರಿಯೂ ಅಲ್ಲ," ಎನ್ನುತ್ತಿದ್ದಳು. ಖಾಯಂ ಅಲ್ಲ ನಿಜ. ಅತಿಥಿ ಉಪನ್ಯಾಸಕಿ. ಅತಿಥಿಗೆ ಸ್ಟಾಫ್ ರೂಮಿನಲ್ಲಿ ಸ್ವಂತ ಕುರ್ಚಿಯಿರಲಿಲ್ಲ. ಯಾರು ರಜೆಯಲ್ಲಿದ್ದಾರೋ ಅವರ ಕುರ್ಚಿ. ವಿಜ್ಞಾನ ಪ್ರದರ್ಶನಕ್ಕೆಂದು ಹುಡುಗಿಯರನ್ನು ಕೂಡಿಸಿಕೊಂಡು, ಕಿತ್ತೂರ ಕಡೆಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟಿನ ಬೂದಿ ತರಿಸಿ, ಆಸಿಡ್ಡಿನಲ್ಲಿ ತೊಳೆದು, ಹುರಿದು, ಜೇಡಿಮಣ್ಣಿನ ಪುಡಿಯೊಡನೆ ಬೆರೆಸಿ ಆ ಪುಡಿಯನ್ನು ಹದಕ್ಕೆ ತಂದವಳು ಅವಳು. ಒಳಗೆ ಹೀರಿಕೊಳ್ಳುವುದು ಬೇರೆ, ಮೈಮೇಲೆ ಹಿಡಿದುಕೊಳ್ಳುವುದು ಬೇರೆ ಎಂದು ಹುಡುಗಿಯರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದಳು. ಬೂದಿಯ ಕಣದ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಎಣ್ಣೆಯ ಬಣ್ಣ, ವಾಸನೆ, ಹುಳಿ ಬಂದು ಆ ಮೈಗೆ ಅಂಟಿಕೊಳ್ಳುತ್ತವೆ, ಜಾಗ ಮುಗಿಯಿತೆಂದರೆ ಅದರ ಕೆಲಸ ಮುಗಿಯಿತು. ಪ್ರದರ್ಶನದ ದಿನ ಫಲಕದ ಮೇಲೆ ವಿಭಾಗದ ಮುಖ್ಯಸ್ಥ ನಿಜಗುಣಪ್ಪ ಸರ್ ಅವರ ಹೆಸರಿತ್ತು. "ಗೆಸ್ಟ್ ಫ್ಯಾಕಲ್ಟಿ ಹೆಸರ ಹಾಕೂ ಪದ್ಧತಿ ಇಲ್ರಿ ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ," ಎಂದು ಅವರು ಬಹಳ ಮೃದುವಾಗಿ ಹೇಳಿದ್ದರು. ಅವಳು ತಪ್ಪು ತಿಳಿದುಕೊಳ್ಳಲಿಲ್ಲ. "ಛೇ, ಇರ್ಲಿ ಬಿಡ್ರಿ ಸರ್," ಎಂದಿದ್ದಳು.

ಉಳಿದ ಪುಡಿಯನ್ನು ಅವತ್ತೇ ಮನೆಗೆ ತಂದಳು. ಅಂಗಡಿಯ ಕರಿ ಎಣ್ಣೆಯನ್ನು ಒಂದು ಪಾತ್ರೆಯಲ್ಲಿ ಕಾಸಿ, ಪುಡಿ ಹಾಕಿ ತಿರುವಿ, ಅರಿವೆಯಲ್ಲಿ ಸೋಸಿದಳು. ಸಿದ್ದಲಿಂಗವ್ವ ಮಣೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ಕೆಳಗಿನ ಪಾತ್ರೆಯಲ್ಲಿ ಜೇನಿನ ಬಣ್ಣ ಕಾಣಿಸಿದಾಗ ಮುದುಕಿ ಬೆರಳದ್ದಿದಳು, ಮೂಸಿದಳು, ನಾಲಿಗೆಗೆ ಹಚ್ಚಿ ನೋಡಿದಳು. "ಯವ್ವಾ ಶ್ರೀಶೈಲಾ, ಬಾರೋ ಇಲ್ಲಿ, ನಿನ್ನ ಹೇಣ್ತಿ ಎಣ್ಣಿಗೆ ಮರುಜನ್ಮ ಕೊಟ್ಟಾಳ!" ಆಮೇಲೆ ಓಣಿಗೆಲ್ಲ ಹೇಳಿದಳು. ಬೀಗರ ಮದುವೆಯಲ್ಲಿ ಅವಳ ಕೈ ಹಿಡಿದು ಹೆಂಗಸರ ನಡುವೆ ಕೂಡಿಸಿಕೊಂಡು, ಇಕಿ ನಮ್ಮ ಸೊಸಿ, ಎಂದಳು. ಬರೀ ಅಷ್ಟೇ ಮಾತು. ಆ ಮಾತಿಗಾಗಿ ತಾನು ಎಷ್ಟು ವರ್ಷದಿಂದ ಹಸಿದಿದ್ದೆನೆಂದು ಅನ್ನಪೂರ್ಣಾಳಿಗೆ ಗೊತ್ತಾದದ್ದು ಅದು ಸಿಕ್ಕ ಮೇಲೆ.

ಗಂಡನಿಗೆ ಮಾತ್ರ ಅವಳು ಹೇಳಿದ್ದಳು. ಸೋಸುವುದು ಒಂದು ಸಲ, ಬಹಳಾದರೆ ಎರಡು ಸಲ. ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ, ಆದರೆ ಮತ್ತೆ ಮತ್ತೆ ಕಾಯ್ದು ಎಣ್ಣೆ ಒಳಗೊಳಗೇ ಗಟ್ಟಿಯಾಗುತ್ತ ಹೋಗುತ್ತದಲ್ಲ, ಅದು ಈ ಪುಡಿಗೆ ಪೂರ್ತಿ ಸಿಗುವುದಿಲ್ಲ. ಎರಡು ಸಲದ ಮೇಲೆ ಸಾಬೂನು ಮಾಡುವವರಿಗೆ ಕೊಟ್ಟುಬಿಡಿ. ಶ್ರೀಶೈಲ "ಹೂಂ" ಎಂದಿದ್ದ. ಅವನು ಕೆಟ್ಟವನಲ್ಲ. ಅವನ ಕಣ್ಣಿಗೆ ಕಾಣುವುದು ತಿಳಿಯಾದ ಎಣ್ಣೆ. ತಿಳಿಯಾದ ಎಣ್ಣೆಯನ್ನು ಚೆಲ್ಲಲು ಯಾರ ಕೈ ಏಳುತ್ತದೆ? ಎರಡು ಸಲ ಎಂಬುದು ಯಾವಾಗ ಹಳೆಯ ಎಣ್ಣೆಗೆ ಹೊಸದು ಬೆರೆಸುವುದಾಯಿತು, ಬಳಸಿದ ಪುಡಿಯನ್ನೇ ಹುರಿದು ಮತ್ತೆ ಹಾಕುವುದಾಯಿತು, ಅವಳು ಕೇಳಲಿಲ್ಲ. ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಒಮ್ಮೆ ಮಾತ್ರ, ಯಾರಿಗೂ ಹೇಳದೆ, ಔಷಧಿಯ ಬಾಟಲಿಯಲ್ಲಿ ಒಂದಿಷ್ಟು ತುಂಬಿಕೊಂಡು ಕಾಲೇಜಿನ ಲ್ಯಾಬಿಗೆ ಒಯ್ದಿದ್ದಳು. ಹೊಸ ಎಣ್ಣೆ ಸರಾಗವಾಗಿ ಇಳಿದ ಗಾಜಿನ ಸಣ್ಣ ಕೊಳವೆಯಲ್ಲಿ ಇದು ಇಳಿಯಲು ಮನಸ್ಸಿಲ್ಲದ ಹಾಗೆ, ನಿಂತು ನಿಂತು ಇಳಿದಿತ್ತು. ಅವಳು ಅದನ್ನು ನೋಡುತ್ತ ನಿಂತಿದ್ದಳು. ಥಂಡಿ ಹೆಚ್ಚಾಗಿದೆ, ಅದಕ್ಕೇ ಹೀಗೆ, ಎಂದು ಹೇಳಿಕೊಂಡು ಕೊಳವೆಯನ್ನು ಸೋಪು ಹಚ್ಚಿ ತೊಳೆದಿಟ್ಟಿದ್ದಳು.

"ನಡಿ, ಗಾಡಿ ಬಂತು," ಎಂದಳು ಸಿದ್ದಲಿಂಗವ್ವ.

ಬಾಡಿಗೆ ಗಾಡಿಯ ಲಕ್ಷ್ಮಣನ ಓಮ್ನಿ. ಅಂಗಡಿ ಬಿಟ್ಟು ಬರಲಾಗುವುದಿಲ್ಲವೆಂದು ಶ್ರೀಶೈಲ ಬರಲಿಲ್ಲ. ಅತ್ತೆ, ಸೊಸೆ, ಹಿಂದಿನ ಸೀಟಿನಲ್ಲಿ ತಿಂಡಿಯ ಬುಟ್ಟಿ. ಬುಟ್ಟಿ ಜಾರೀತೆಂದು ಅನ್ನಪೂರ್ಣಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಳ ಇನ್ನೂ ಬೆಚ್ಚಗಿತ್ತು. ಊರು ಬಿಟ್ಟ ಮೇಲೆ ಎರಡೂ ಕಡೆ ಕರಿಮಣ್ಣಿನ ಹೊಲ, ಕಡಲೆ ಹೂವಾಗಿತ್ತು, ಬಿಳಿಜೋಳ ಎದೆಮಟ್ಟ ನಿಂತಿತ್ತು. ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಗಾಡಿ ಸಿಕ್ಕಿಕೊಂಡು ನಿಧಾನವಾಯಿತು. ಬುಟ್ಟಿ ಕೈಜಾರಿ ಬಿದ್ದರೆ? ಬಾಗಿಲು ತೆರೆದುಕೊಂಡು ರಸ್ತೆಗೆ ಚೆಲ್ಲಿದರೆ? ಅಯ್ಯೋ ಎನ್ನುತ್ತಾರೆ, ಅಪಶಕುನ ಎನ್ನುತ್ತಾರೆ, ಮುಗಿಯುತ್ತದೆ. ಅವಳ ಕೈ ಬಾಗಿಲ ಹಿಡಿಯವರೆಗೂ ಹೋಗಿ ಬಂತು. ಒಂದು ಕುಬಸದಲ್ಲಿ ಒಂದು ಕರಜಿಕಾಯಿ ತಿಂದರೆ ಯಾರಿಗೂ ಏನೂ ಆಗುವುದಿಲ್ಲ, ಇದು ವಿಷವಲ್ಲ, ದಿನಾ ತಿಂದು ತಿಂದು ಮೈಯಲ್ಲಿ ಕೂಡಿಕೊಳ್ಳುವ ಕೇಡು ಎಂದು ಅವಳೊಳಗಿನ ಉಪನ್ಯಾಸಕಿ ಬೋರ್ಡಿನ ಮುಂದೆ ನಿಂತು ಹೇಳುತ್ತಿದ್ದಳು. ಹಾಗಾದರೆ ಈ ಬೆಚ್ಚಗಿನ ಬುಟ್ಟಿ ತೊಡೆಯ ಮೇಲೆ ಇಷ್ಟು ಭಾರವಾಗುವುದೇಕೆ? ಬಸ್‌ಸ್ಟ್ಯಾಂಡಿನಲ್ಲಿ ದಿನಾ ತಿನ್ನುವವರ ಮುಖ ಒಂದಾದರೂ ತನಗೆ ಹೀಗೆ ಭಾರವಾಗಿತ್ತೇ?

"ಬೆಳಿಗ್ಗಿಂದ ಏನೂ ತಿಂದಿಲ್ಲ ನೀ," ಎಂದು ಸಿದ್ದಲಿಂಗವ್ವ ಬುಟ್ಟಿಯ ಅರಿವೆ ಸರಿಸಿ ಒಂದು ಚಕ್ಕಲಿ ಮುರಿದು ಕೊಟ್ಟಳು.

"ಒಲ್ಲೇರಿ ಅತ್ತಿ. ಸೋಮವಾರ ಹಿಡದೇನಿ."

"ಯಾವಾಗಿಂದ?"

"ಶೀತಲಗ ಚಲೋ ಹೆರಿಗಿ ಆಗ್ಲಿ ಅಂತ."

ಮುದುಕಿಯ ಮುಖ ಮೆತ್ತಗಾಯಿತು. ಸೊಸೆಯ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಆ ಚಕ್ಕಲಿಯನ್ನು ತಾನೇ ಕಟುಕಟು ತಿಂದಳು. ಇದ್ದ ಹಲ್ಲುಗಳಿಂದ, ಸುಖವಾಗಿ, ಕಿಟಕಿಯ ಹೊರಗೆ ನೋಡುತ್ತ. ಅನ್ನಪೂರ್ಣಾ ಆ ಬಾಯನ್ನೇ ನೋಡಿದಳು.

ಮುನವಳ್ಳಿಯ ಮನೆಯಲ್ಲಿ ಪಡಸಾಲೆಯ ತುಂಬ ಹೆಂಗಸರು. ಶೀತಲ ಹಸಿರು ಸೀರೆಯಲ್ಲಿ, ಮೊಣಕೈವರೆಗೆ ಹಸಿರು ಬಳೆಯಲ್ಲಿ, ಹೂವಿನ ದಂಡೆಯ ಭಾರಕ್ಕೆ ಕತ್ತು ಕೊಂಚ ವಾಲಿಸಿ ಕೂತಿದ್ದಳು. ಅಕ್ಕನನ್ನು ಕಂಡು ಅವಳ ಮುಖ ಅರಳಿದ್ದನ್ನು ನೋಡಿ ಅನ್ನಪೂರ್ಣಾ ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಶೀತಲಳ ಅತ್ತೆ ನೀಲಗಂಗವ್ವ ದೊಡ್ಡ ದನಿಯ ಹೆಂಗಸು. "ಬರ್ರಿ ಬರ್ರಿ, ತವರ ಮನ್ಯಾರು ಬಂದ್ರು," ಎಂದು ಎಲ್ಲರಿಗೂ ಕೇಳುವಂತೆ ಕರೆದು ಸಿದ್ದಲಿಂಗವ್ವನನ್ನು ಜಮಖಾನೆಯ ನಡುವೆ ಕೂಡಿಸಿದಳು. ಉಡಿ ತುಂಬಿದರು, ಆರತಿ ಬೆಳಗಿದರು. ಯಾರೋ ಸೋಬಾನೆ ಎತ್ತಿಕೊಂಡು ನಡುವೆ ಮರೆತು ನಕ್ಕರು. ಸಿದ್ದಲಿಂಗವ್ವ ಬುಟ್ಟಿ ಬಿಚ್ಚಿ, ಆರಿಸಿ, ಎಲ್ಲಕ್ಕಿಂತ ಚೆಂದದ ಕರಜಿಕಾಯಿಯನ್ನು ಸೊಸೆಯ ಕೈಗೆ ಕೊಟ್ಟಳು.

"ನಿನ್ನ ಕೈಯಿಂದ ತಿನಸು. ಹೆತ್ತಾಕಿ ಕೈ ಅಂದ್ರೂ ಅದ, ಒಡಹುಟ್ಟಿದಾಕಿ ಕೈ ಅಂದ್ರೂ ಅದ."

ಶೀತಲ ಬಾಯಿ ತೆರೆದಳು. ಚಿಕ್ಕವಳಿದ್ದಾಗ ಅವ್ವ ಡಬ್ಬಿಯನ್ನು ಅಟ್ಟದ ಮೇಲೆ ಎಷ್ಟು ಒಳಗೆ ಇಟ್ಟರೂ ಹುಡುಕಿ ತೆಗೆದು, ಕೊಬ್ಬರಿ ಸಕ್ಕರೆಯ ಹೂರಣ ನೆಕ್ಕಿ, ಖಾಲಿ ಸಿಪ್ಪೆಯನ್ನು ಅಕ್ಕನ ಕೈಗೆ ಕೊಡುತ್ತಿದ್ದವಳು. ಅದೇ ಬಾಯಿ. ಅನ್ನಪೂರ್ಣಾಳ ಕೈ ಅರ್ಧ ದಾರಿಗೆ ನಿಂತಿತು.

"ಕರಿದದ್ದು ಬ್ಯಾಡರಿ ಇಕಿಗೆ," ಎಂದಳು. ತನ್ನ ದನಿ ಕ್ಲಾಸಿನ ದನಿಯಂತೆ ಕೇಳಿಸಿತು. "ಡಾಕ್ಟರ್ ಬ್ಯಾಡ ಅಂದಾರ. ಪಿತ್ತ ಆಗತೈತಿ. ಹೋಳಿಗಿ ತಿನಸೋಣು."

"ನಂಗ ಯಾವ ಡಾಕ್ಟರ್ ಹಂಗ..." ಎಂದು ಶೀತಲ ಶುರುಮಾಡಿದಳು. ಅನ್ನಪೂರ್ಣಾ ಅವಳ ಮುಂಗೈಯನ್ನು ಬಳೆಗಳ ಮೇಲಿಂದಲೇ ಅದುಮಿದಳು. ಶೀತಲ ಅಕ್ಕನ ಮುಖ ನೋಡಿ ಸುಮ್ಮನಾದಳು. ಕಣ್ಣಿನಲ್ಲಿ ಒಂದು ಸಣ್ಣ ಅವಮಾನ ಕಾಣಿಸಿಕೊಂಡಿತು. ತನ್ನ ಕುಬಸದಲ್ಲಿ, ಇಷ್ಟು ಜನರ ಎದುರು, ಮಕ್ಕಳಿಗೆ ಗದರಿಸಿದ ಹಾಗೆ ಗದರಿಸಿಕೊಂಡ ಅವಮಾನ. ಹೋಳಿಗೆಯ ತುಣುಕನ್ನು ರುಚಿಯೇ ಇಲ್ಲದ ಹಾಗೆ ಅಗಿದಳು. ಸಿದ್ದಲಿಂಗವ್ವ, "ಇರ್ಲಿ ಬಿಡ್ರಿ, ಡಾಕ್ಟರ್ ಅಂದಮ್ಯಾಲೆ ಮುಗೀತು," ಎಂದಳು. ಆದರೂ ಬೆಳಿಗ್ಗೆಯಿಂದ ಹೊತ್ತು ತಂದ ಹಿಗ್ಗು ಒಂದು ಬೆರಳು ಕುಗ್ಗಿದ್ದು ಕಾಣುತ್ತಿತ್ತು. ಅನ್ನಪೂರ್ಣಾಳ ಎದೆ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯಾಯಿತು. ಸುತ್ತ ತಟ್ಟೆಗಳು ಹರಿದಾಡುತ್ತಿದ್ದವು, ಹೆಂಗಸರು ಕೋಡಬಳೆ ಮುರಿಯುತ್ತಿದ್ದರು, ಒಂದು ಕೂಸು ಚಕ್ಕಲಿಯನ್ನು ಕೈಬಳೆಯ ಹಾಗೆ ಹಾಕಿಕೊಂಡು ಅಂಚನ್ನು ಚೀಪುತ್ತಿತ್ತು. ತನ್ನ ತಂಗಿಯೊಬ್ಬಳು ಉಳಿದಳು, ಸಾಕು. ಎಷ್ಟು ಸುಲಭವಾಗಿ ಈ ಸಾಕು ಎಂಬ ಮಾತು ಬಂದುಬಿಟ್ಟಿತು.

"ಭಾಗೀರಥೀ, ಬಾ ಇಲ್ಲೆ," ಎಂದು ನೀಲಗಂಗವ್ವ ಹಿತ್ತಲ ಬಾಗಿಲ ಕಡೆ ಕೂಗಿದಳು. ಇವರ ಹೊಲದಲ್ಲಿ ದುಡಿಯುವ ಶಟ್ಟೆಪ್ಪನ ಹೆಂಡತಿ ಭಾಗೀರಥಿ ಪಾತ್ರೆ ತಿಕ್ಕಲು ಬಂದಿದ್ದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದು ಹೊಸ್ತಿಲಿನಾಚೆ ನಿಂತಳು. ಅವಳ ಹೊಟ್ಟೆಯೂ ಮುಂದೆ ಬಂದಿತ್ತು. ಶೀತಲಳಷ್ಟೇ ದಿನಗಳಿರಬೇಕು. ಅಷ್ಟು ಹೊತ್ತು ಆ ಮನೆಯಲ್ಲಿದ್ದರೂ ಅನ್ನಪೂರ್ಣಾ ಅದನ್ನು ನೋಡಿರಲಿಲ್ಲ. "ನೀನೂ ಬಸರಿ. ಬಯಕಿ ಇರತೈತಿ. ಶೀತಲಗ ಬಂದದ್ದು ನಿನ್ನ ಪಾಲಿಗೆ ಬಂತು ನೋಡು. ಉಡಿ ಒಡ್ಡು," ಎಂದು ನೀಲಗಂಗವ್ವ ಎರಡೂ ಕೈಯಿಂದ ಬುಟ್ಟಿಯಲ್ಲಿದ್ದ ಕರಜಿಕಾಯಿ ಬಾಚಿ ಅವಳ ಸೆರಗಿಗೆ ಸುರಿದಳು.

ಭಾಗೀರಥಿ ನಕ್ಕಳು. ಯಾರೂ ತನ್ನ ಬಯಕೆ ಕೇಳಿರಲಿಲ್ಲ ಎಂಬುದು ಆ ನಗೆಯಲ್ಲೇ ಇತ್ತು. ಒಂದನ್ನು ಎತ್ತಿ ಬಾಯಿಗಿಟ್ಟುಕೊಳ್ಳಹೋದಳು.

ಜಮಖಾನೆಯಿಂದ ಹೊಸ್ತಿಲಿಗೆ ಹೇಗೆ ಬಂದೆನೆಂದು ಅನ್ನಪೂರ್ಣಾಳಿಗೆ ಆಮೇಲೂ ನೆನಪಾಗಲಿಲ್ಲ. ಯಾರದೋ ತಟ್ಟೆ ಕಾಲಿಗೆ ತಾಗಿ ಉರುಳಿತು. ಭಾಗೀರಥಿಯ ಮುಂಗೈ ಅವಳ ಮುಷ್ಟಿಯಲ್ಲಿತ್ತು, ಒದ್ದೆಯಾಗಿ, ಬೂದಿ ಮತ್ತು ಸಾಬೂನಿನ ವಾಸನೆಯಲ್ಲಿ. ಕರಜಿಕಾಯಿ ಒಡೆದು ಹೂರಣ ಹೊಸ್ತಿಲ ಮೇಲೆ ಉದುರಿತು.

ಪಡಸಾಲೆಯ ಹೆಂಗಸರೆಲ್ಲ ಹೊಸ್ತಿಲ ಕಡೆ ತಿರುಗಿದರು.

"ಯಾಕ್ರಿ ಅಕ್ಕಾರ," ಎಂದಳು ಭಾಗೀರಥಿ ಸಣ್ಣಗೆ. "ನಾ ಏನ್ ಮಾಡೇನ್ರಿ?"

"ಇದೇನಿದು ಅನ್ನಪೂರ್ಣಾ?" ನೀಲಗಂಗವ್ವನ ದನಿ ಏರಿತು. "ಕೊಟ್ಟದ್ದನ್ನ ಬಾಯಿಂದ ಕಸಗೊಳ್ಳೂದಾ? ಬಸರಿ ಹೆಂಗಸಿನ ಬಾಯಿಂದ? ದುಡಿಯೋರು ಅಂದ್ರ ಅಷ್ಟ ಸಸಾರ ಆದ್ರೇನು ನಿಮಗ?"

"ಹಂಗಲ್ರಿ..."

ಭಾಗೀರಥಿ ಕೈ ಬಿಡಿಸಿಕೊಂಡಳು. ಅಳಲಿಲ್ಲ. ಒಳಗೆ ಎರಡು ಹೆಜ್ಜೆ ಬಂದು, ಬಗ್ಗಲಾರದೆ ಬಗ್ಗಿ, ಸೆರಗಿನಲ್ಲಿದ್ದ ಕರಜಿಕಾಯಿಗಳನ್ನು ಒಂದೊಂದಾಗಿ, ಒಡೆಯದಂತೆ ಬುಟ್ಟಿಗೆ ತಿರುಗಿ ಇಟ್ಟಳು. ಅಷ್ಟು ಜೋಪಾನವಾಗಿ ಇಡುತ್ತಿರುವುದನ್ನು ಎಲ್ಲರೂ ನೋಡುತ್ತಿದ್ದರು. ಕೊನೆಯದನ್ನು ಇಟ್ಟು ಸೆರಗು ಕೊಡವಿಕೊಂಡಳು. ಅನ್ನಪೂರ್ಣಾಳಿಗೆ ತನ್ನ ಮೈ ಎಲ್ಲರೆದುರು ಬತ್ತಲೆಯಾದಂತೆ ಅನಿಸಿತು. ಈಗ ಏನೂ ಹೇಳದಿದ್ದರೆ ತಾನು ಈ ಮನೆಯಲ್ಲಿ, ಈ ಹೆಂಗಸಿನ ಕಣ್ಣಿನಲ್ಲಿ, ಶೀತಲಳ ಬಾಳುದ್ದಕ್ಕೂ, ಬಡವರ ಬಾಯಿಯ ತುತ್ತು ಕಿತ್ತವಳಾಗಿ ಉಳಿಯುತ್ತೇನೆ. ಹೇಳಿದರೆ ಏನಾಗಿ ಉಳಿಯುತ್ತೇನೆ?

"ಎಣ್ಣಿ ಕೆಟ್ಟೈತ್ರಿ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. "ಇವೆಲ್ಲ ಕರಿದ ಎಣ್ಣಿ ಕೆಟ್ಟೈತ್ರಿ. ಅಂಗಡ್ಯಾಗ ಭಾಳ ಸಲ ಕರಿದದ್ದು. ನಾ ಮಾಡಿದ ಪುಡಿ ಹಾಕಿ ಸೋಸಿದ್ರ ಬಣ್ಣ ಹೋಗತೈತಿ, ವಾಸ್ನಿ ಹೋಗತೈತಿ. ಒಳಗಿಂದು ಪೂರಾ ಹೋಗೂದಿಲ್ಲ. ಒಂದ ಎರಡ ಸಲಕ್ಕ ಚಿಂತಿಲ್ಲ. ಇದು ಎಷ್ಟ ಸಲದ್ದೋ ನಂಗ ಗೊತ್ತಿಲ್ಲ. ಶೀತಲಗ ಡಾಕ್ಟರ್ ಏನೂ ಹೇಳಿಲ್ರಿ. ನಾನ ಸುಳ್ಳ ಹೇಳ್ದೆ."

ಚೀಪುತ್ತಿದ್ದ ಕೂಸಿನ ಕೈಯಿಂದ ಅದರ ತಾಯಿ ಚಕ್ಕಲಿ ಕಿತ್ತುಕೊಂಡಳು, ಅದು ಕಿರುಚಿತು. ಶೀತಲ ಹಸಿರು ಬಳೆಯ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅಕ್ಕನನ್ನೇ ನೋಡಿದಳು. "ಹಂಗಾರ ನಂಗೊಬ್ಬಾಕಿಗೆ ಬ್ಯಾಡಾಗಿತ್ತೇನಕ್ಕಾ?" ಎಂದು ಕೇಳಿದಳು. ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ ಹಾಗಿತ್ತು.

ಸಿದ್ದಲಿಂಗವ್ವ ಕೂತಲ್ಲೇ ಇದ್ದಳು. ಸೊಸೆಯ ಕಡೆ ನೋಡಲಿಲ್ಲ. ನಿಧಾನಕ್ಕೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಬುಟ್ಟಿಯ ಅರಿವೆ ಎಳೆದು ಗಂಟು ಹಾಕಿದಳು. ಬೇರೆ ಕಟ್ಟಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ತಾನೇ ಒಯ್ದು ಭಾಗೀರಥಿಯ ಕೈಗಿಟ್ಟಳು. "ಇದು ಹಂಚಿನ ಮ್ಯಾಲೆ ಬೇಯಿಸಿದ್ದವಾ. ತಿನ್ನು," ಎಂದಳು. ಭಾಗೀರಥಿ ಡಬ್ಬಿ ತೆಗೆದುಕೊಂಡಳು. ತಿನ್ನಲಿಲ್ಲ. ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಅದನ್ನಿಟ್ಟು, ಬೆನ್ನು ತಿರುಗಿಸಿ ಕೂತು ತಿಕ್ಕತೊಡಗಿದಳು.

"ತಪ್ಪಾತ್ರಿ," ಎಂದು ಸಿದ್ದಲಿಂಗವ್ವ ನೀಲಗಂಗವ್ವನಿಗೆ ಕೈಮುಗಿದಳು. ಆ ಕೈಗಳು ಯಾರಿಗೂ ಹೀಗೆ ಮುಗಿದದ್ದನ್ನು ಅನ್ನಪೂರ್ಣಾ ಕಂಡಿರಲಿಲ್ಲ.

ಊಟಕ್ಕೆ ಯಾರೂ ಒತ್ತಾಯ ಮಾಡಲಿಲ್ಲ. ಗಾಡಿ ಊರು ದಾಟಿದ ಮೇಲೆ ದೂರದಲ್ಲಿ ಮಲಪ್ರಭೆಯ ಹಿನ್ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಲಕ್ಷ್ಮಣ ರೇಡಿಯೋ ಹಚ್ಚಲು ಕೈ ಚಾಚಿ ಕನ್ನಡಿಯಲ್ಲಿ ಇಬ್ಬರ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡ. ಬುಟ್ಟಿ ಈಗ ಸಿದ್ದಲಿಂಗವ್ವನ ತೊಡೆಯ ಮೇಲಿತ್ತು. ಬೈಗುಳ ಬರಲಿ ಎಂದು ಅನ್ನಪೂರ್ಣಾ ಕಾಯುತ್ತಿದ್ದಳು. ಬೀಗರ ಮನೆಯಲ್ಲಿ ಮಾನ ಕಳೆದೆ ಎನ್ನಲಿ, ಮೊದಲಿನ ಹಾಗೆ, ಅಷ್ಟು ಓದಿ ಏನು ಬಂತು ಎನ್ನಲಿ. ಅದಕ್ಕೆ ಕೊಡಲು ಅವಳ ಬಳಿ ಉತ್ತರಗಳಿದ್ದವು.

"ನಿನಗ ಯಾವಾಗಿಂದ ಗೊತ್ತೈತಿ?" ಎಂದು ಮುದುಕಿ ಕೇಳಿದಳು.

"ಮೊದಲಿಂದರಿ."

"ಶ್ರೀಶೈಲಗ?"

"ಹೇಳಿದ್ದೆ."

"ನಂಗ?"

ಟಾಯರಿನ ಸದ್ದು. ಹೊಲದಲ್ಲಿ ಯಾರೋ ಹಕ್ಕಿ ಓಡಿಸುತ್ತಿದ್ದರು.

"ನಾ ದಿನಾ ಅಂಗಡ್ಯಾಗ ಕುಂಡ್ರತೇನಿ," ಎಂದಳು ಸಿದ್ದಲಿಂಗವ್ವ. ದನಿ ಏರಿರಲಿಲ್ಲ. "ಬಂದ ಮಂದಿಗೆ ತಿನ್ರಿ, ಇನ್ನೊಂದ ತಿನ್ರಿ ಅಂತೇನಿ. ನಮ್ಮ ಸೊಸಿ ಚೊಕ್ಕ ಮಾಡಿಕೊಟ್ಟ ಎಣ್ಣಿ, ಏನೂ ಆಗೂದಿಲ್ಲ ಅಂತೇನಿ. ತಿಳಿ ಆತಂದ್ರ ಚೊಕ್ಕ ಆತು ಅಂತ ತಿಳಕೊಂಡಿದ್ದೆ ನಾನು. ನಾ ಸಾಲಿ ಕಲಿತಾಕಿ ಅಲ್ಲ. ನನ್ನ ಬಾಯಿಲೆ ಮಂದಿಗೆ ಸುಳ್ಳ ಹೇಳಸಿದ್ಯಲ್ಲ, ಒಂದ ಮಾತ ಹೇಳಾಕ ಏನಾಗಿತ್ತು ನಿಂಗ?"

"ನೀವು..." ಎಂದಳು ಅನ್ನಪೂರ್ಣಾ. ಬೇರೆ ಯಾವ ಉತ್ತರವನ್ನು ಹುಡುಕಿದರೂ ಇದೊಂದೇ ಸಿಕ್ಕಿತು. "ನೀವು ಹೊಗಳತಿದ್ರೆಲಾ ಅತ್ತಿ."

ಮುದುಕಿ ಮೊದಲ ಸಲ ಅವಳ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು, ಗುರುತು ಹತ್ತದವರನ್ನು ನೋಡುವ ಹಾಗೆ. ಮತ್ತೆ ಕಿಟಕಿಗೆ ಮುಖ ತಿರುಗಿಸಿದಳು. ಅನ್ನಪೂರ್ಣಾಳ ಮುಷ್ಟಿಯಲ್ಲಿ ಆ ಒದ್ದೆ ಮುಂಗೈಯ ತಣ್ಣಗಿನ ಸ್ಪರ್ಶ ಹೋಗಲೇ ಇಲ್ಲ. ಭಾಗೀರಥಿಗೆ ಕ್ಷಮಿಸು ಎಂದು ಹೇಳಿ ಬರಬೇಕಿತ್ತು. ಬೆನ್ನು ಮಾಡಿ ಕೂತವಳ ಬೆನ್ನಿಗೆ ಏನು ಹೇಳುವುದೆಂದು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು.

"ಮನಿ ಬ್ಯಾಡ. ಅಂಗಡಿಗೆ ಬಿಡು," ಎಂದಳು ಸಿದ್ದಲಿಂಗವ್ವ, ಬೈಲಹೊಂಗಲ ಬಂದಾಗ, ಲಕ್ಷ್ಮಣನಿಗೆ.

ಸಂಜೆಯ ಬಸ್ಸುಗಳ ಹೊತ್ತು. ಅಂಗಡಿಯ ಮುಂದೆ ಜನ ಮುಕ್ಕುರಿಕ್ಕಿದ್ದರು, ಕಾಲೇಜಿನ ಹುಡುಗರು, ದೊಡವಾಡದ ಬಸ್ಸಿಗೆ ಕಾದ ಹೆಂಗಸರು, ಎಪಿಎಂಸಿಯಿಂದ ಹೊರಟ ಹಮಾಲರು. ಶ್ರೀಶೈಲ ಬೆವರೊರೆಸಿಕೊಳ್ಳುತ್ತ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗಳನ್ನು ಕಡಾಯಿಗೆ ಬಿಡುತ್ತಿದ್ದ. ತಾಯಿಯನ್ನು ಕಂಡು, "ಲಗೂ ಬಂದ್ರಿ? ಹೆಂಗಾತವಾ?" ಎಂದ. ಸಿದ್ದಲಿಂಗವ್ವ ಅವನನ್ನು ದಾಟಿ ಒಳಗೆ ಹೋಗಿ, ಬಗ್ಗಿ, ಸಿಲಿಂಡರಿನ ಕೀಲಿ ತಿರುವಿದಳು. ಉರಿ ಭುಸ್ಸೆಂದು ಆರಿತು.

"ಅವ್ವಾ! ಏನ್ ಮಾಡ್ತಿ? ಮಂದಿ ನಿಂತಾರ."

"ಎಷ್ಟ ಸಲದ್ದೋ ಇದು?"

ಶ್ರೀಶೈಲ ತಾಯಿಯ ಮುಖ ನೋಡಿದ, ಆಮೇಲೆ ಹೆಂಡತಿಯದು. ಅವನಿಗೆ ತಿಳಿಯಿತು. ಕಿವಿ ಕೆಂಪಾಯಿತು. "ಎಲ್ಲಾರೂ ಮಾಡ್ತಾರವಾ. ಆ ಕಡೆ ಗಾಡ್ಯಾಗಿನ ಎ‌ಣ್ಣಿ ನೋಡು, ಡಾಂಬರ ಆಗೇತಿ. ನಾವು ಸೋಸಿಯಾದ್ರೂ ಹಾಕತೇವಿ," ಎಂದ ತಗ್ಗಿದ ದನಿಯಲ್ಲಿ. ಅದೂ ಸುಳ್ಳಾಗಿರಲಿಲ್ಲ. ಅವನು ಝಾರಿಯನ್ನು ಹೆಂಡತಿಯ ಕಡೆ ಚಾಚಿದ. "ಹಂಗಾರ ನೀನ ಹೇಳು ಮಂದಿಗೆ. ಪುಡಿ ನಿಂದು."

ಜನ ನೋಡುತ್ತಿದ್ದರು. ಕಾಲೇಜಿನಲ್ಲಿ ಅವಳು ಪಾಠ ಹೇಳುವ ಹುಡುಗಿಯರಿಬ್ಬರು ಅವರ ನಡುವೆ ಇದ್ದರು. ಒಬ್ಬಳು "ಮ್ಯಾಡಮ್ಮಾರ" ಎಂದು ಪಿಸುಗುಟ್ಟಿದಳು. ಮುನವಳ್ಳಿಯ ಪಡಸಾಲೆಯಲ್ಲಿ ಮಾತು ತಾನಾಗಿ ಬಿದ್ದಿತ್ತು. ಇಲ್ಲಿ ಎತ್ತಿ ಹೇಳಬೇಕಿತ್ತು. ಅನ್ನಪೂರ್ಣಾ ಹೇಳಿದಳು. ಗಟ್ಟಿಯಾಗಿ, ಒಂದು ಸಲ, ತನ್ನ ಪುಡಿಯ ಮಾತು ಸೇರಿಸಿ. ಹಮಾಲನೊಬ್ಬ ಕೈಯಲ್ಲಿದ್ದ ಭಜಿಯನ್ನು ತಿರುಗಿಸಿ ನೋಡಿ, "ಇಷ್ಟ ವರ್ಷ ತಿಂದೇವಲ್ರಿ ಅಕ್ಕಾರ, ಇವತ್ತ ಹೇಳಾಕತ್ತೀರಿ?" ಎಂದು ನಕ್ಕ. ಕೆಲವರು ಬೈದರು. ಹುಡುಗಿಯರು ತಟ್ಟೆಗಳನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಜನ ಕರಗಿದರು. ಕರಗಿದವರಲ್ಲಿ ಬಹಳ ಮಂದಿ ರಸ್ತೆ ದಾಟಿ ಆಚೆಯ ಗಾಡಿಯ ಮುಂದೆ, ಡಾಂಬರಿನಂಥ ಎಣ್ಣೆಯ ಕಡಾಯಿಯ ಸುತ್ತ ನಿಂತುಕೊಂಡರು. ಅಲ್ಲಿ ಹೊಗೆ ಏಳುತ್ತಿತ್ತು, ನಗೆ ಕೇಳಿಸುತ್ತಿತ್ತು.

ಶ್ರೀಶೈಲ ಝಾರಿಯನ್ನು ಬಿಸಾಕಿ ಹಿಂದಿನ ಬಾಗಿಲಿನಿಂದ ಎಲ್ಲಿಗೋ ನಡೆದುಬಿಟ್ಟ. ಅರ್ಧ ಬೆಂದ ಮೆಣಸಿನಕಾಯಿಗಳು ಕಡಾಯಿಯಲ್ಲಿ ತೇಲುತ್ತಿದ್ದವು. ಸಿದ್ದಲಿಂಗವ್ವ ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದಳು, ಅಂಗಡಿಯವಳ ಜಾಗದಲ್ಲಲ್ಲ, ತಿನ್ನಲು ಬಂದವಳ ಹಾಗೆ, ರಸ್ತೆಯ ಆಚೆಯ ಜನರನ್ನು ನೋಡುತ್ತ. ಅನ್ನಪೂರ್ಣಾ ಅದೇ ಬೆಂಚಿನ ಇನ್ನೊಂದು ತುದಿಗೆ ಕೂರಲೋ ಬೇಡವೋ ಎಂದು ನಿಂತಿದ್ದಳು.

"ನಾಳೆ ಅಂಗಡಿ ತಗೀಬೇಕು," ಎಂದಳು ಸಿದ್ದಲಿಂಗವ್ವ ತಿರುಗಿ ನೋಡದೆ. ದನಿಯಲ್ಲಿ ಪ್ರೀತಿಯಿರಲಿಲ್ಲ, ಬೈಗುಳವೂ ಇರಲಿಲ್ಲ. "ಹೆಂಗ ತಗೀಬೇಕು, ಎಣ್ಣಿ ಎಷ್ಟಕ್ಕ ಸೋಸಬೇಕು, ಯಾವಾಗ ಚಲ್ಲಬೇಕು, ಹೇಳು. ಈ ಸಲ ಪೂರಾ ಹೇಳು."

"ಪೂರಾ ನಂಗೂ ಗೊತ್ತಿಲ್ರಿ ಅತ್ತಿ."

ಆಚೆಯ ಗಾಡಿಯಲ್ಲಿ ಹೊಸ ಘಾಣದ ಭಜಿ ಎಣ್ಣೆಗೆ ಬಿಟ್ಟ ಸದ್ದು ಚುಯ್ಯೆಂದು ಕೇಳಿತು.

"ಹಂಗಾರ ಗೊತ್ತಿಲ್ಲದ್ದು ಯಾವುದು, ಅದನ್ನ ಮೊದಲ ಹೇಳು," ಎಂದಳು ಸಿದ್ದಲಿಂಗವ್ವ.

ಅನ್ನಪೂರ್ಣಾ ಬೆಂಚಿನ ತುದಿಗೆ ಕೂತು ಹೇಳತೊಡಗಿದಳು.